ಕೆಂಜಿಗದ ಚಪ್ಪಾಳೆ

ಜನವರಿ ೯, ೨೦೨೫, ಗುರುವಾರ

ಬರೆದಿಡು ರಾಮಾಂಜಿನಯ್ಯ, ಬರೆದಿಡು. ಮೂವತ್ತೆರಡು ವರ್ಷ ದುರ್ಯೋಧನನಾಗಿ ಮೆರೆದವನು, ಮೈಕಿಲ್ಲದೆ ಮೂರು ಸಾವಿರ ಜನಕ್ಕೆ ಮಾತು ಮುಟ್ಟಿಸಿದವನು, ಹೆಬ್ಬೂರಿನ ಬಯಲಲ್ಲಿ ನಕ್ಕರೆ ಗೂಳೂರಿನ ಎಮ್ಮೆ ಗೂಟ ಕಿತ್ತಿತು ಎಂದು ಹೆಸರಾದವನು, ಇಂದು ಒಂದು ಡೈರಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದಾನೆ. ಡೈರಿಯಾದರೂ ಯಾರದು? ಔಷಧಿ ಅಂಗಡಿಯವರು ಹೊಸ ವರ್ಷಕ್ಕೆ ಪುಕ್ಕಟೆ ಹಂಚಿದ್ದು. ಪ್ರತಿ ಪುಟದ ಕೆಳಗೂ ಒಬ್ಬ ಬೆನ್ನಿಗೆ ಡಬ್ಬ ಕಟ್ಟಿಕೊಂಡು ಮಾವಿನ ಮರಕ್ಕೆ ವಿಷ ಹೊಡೆಯುತ್ತಾ ನಗುತ್ತಿದ್ದಾನೆ. ನಗಲಿ. ಅವನ ನೆತ್ತಿಯ ಮೇಲೆಯೇ ಅವನ ಸೋಲಿನ ಕಥೆ ಬರೆಯುತ್ತೇನೆ.

ಕಳೆದ ವರ್ಷ ಇದೇ ತಿಂಗಳು ನಮ್ಮ ನಲವತ್ತೆರಡು ಮರವೂ ಹೂ ಹೊತ್ತು ನಿಂತಿದ್ದವು. ಜಿಗಿಹುಳ ಬಿತ್ತು, ಹೂ ಕಪ್ಪಿಟ್ಟಿತು, ತಮ್ಮ ಯಲ್ಲಯ್ಯ ಎಂದಿನಂತೆ ಔಷಧಿ ಹೊಡೆಯುವ ಮಿಷನ್ ತರಿಸಿದ. ತೋಟ ಇಬ್ಬರದೂ, ಅವನ ತಪ್ಪಲ್ಲ. ಆದರೆ ನನ್ನ ಮನೆ ಇರುವುದು ತೋಟದ ನಟ್ಟನಡುವೆ, ಗಾಳಿ ತಿರುಗಿದ್ದು ಆಗಲೇ. ಬಟ್ಟೆ ಒಣಹಾಕುತ್ತಿದ್ದ ನನ್ನ ಹೆಂಡತಿ ನರಸಮ್ಮ ಕೆಮ್ಮತೊಡಗಿದವಳು ಹನ್ನೊಂದು ದಿನ ತುಮಕೂರಿನ ಆಸ್ಪತ್ರೆಯಲ್ಲಿ ಮೂಗಿಗೆ ನಳಿಕೆ ಇಟ್ಟುಕೊಂಡು ಮಲಗಿದಳು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಇನ್ನೊಂದು ಸಲ ಈ ಗಾಳಿ ಕುಡಿದರೆ ನಾನು ಜವಾಬ್ದಾರನಲ್ಲ ಎಂದರು.

ಇವತ್ತು ಜಗಲಿಯಲ್ಲಿ ತೀರ್ಮಾನವಾಯಿತು.

“ಒಂದೇ ಒಂದ್ ಬೆಳೆ ಬುಡ್ತೀನಿ ಕಣಣ್ಣ,” ಎಂದ ಯಲ್ಲಯ್ಯ. “ಔಷಧಿ ಮುಟ್ಟಕಿಲ್ಲ. ಹೂ ಕಪ್ಪಾದ್ರೆ, ಇಲ್ಲ ಹಣ್ಣಲ್ಲಿ ಹುಳ ಕಂಡ್ರೆ, ಬರೋ ವರ್ಸ ಮಿಷನ್ ಬಂದೇ ಬರ್ತದೆ. ಅತ್ಗೆಮ್ಮ ಸುಶ್ಮಿತಾ ಮನೆ ಸೇರ್ಕಳ್ಲಿ.”

ಸುಶ್ಮಿತಾ ನಮ್ಮ ಮಗಳು, ತುಮಕೂರಿನಲ್ಲಿ ಹೈಸ್ಕೂಲ್ ಟೀಚರು.

ಅಡುಗೆಮನೆಯಿಂದ ನರಸಮ್ಮನ ಉತ್ತರ ಬಂತು. “ನಾನ್ಯಾಕಪ್ಪ ಹೋಗ್ಲಿ? ನಿನ್ ಮಿಷನ್ನೇ ಹೋಗಿ ಆ ಮೂರನೇ ಮಾಡೀಲಿ ಕೂತ್ಕಂಡು ಟಿವಿ ನೋಡ್ಲಿ.”

ನಾನು ಎದ್ದು ನಿಂತು, ತೊಡೆ ತಟ್ಟಿ ಶಪಥ ಮಾಡಿದೆ. ಈ ನರಸಮ್ಮ ಈ ಹೊಸಿಲಿನಿಂದ ಕದಲಕೂಡದು, ಕದಲಿಸುವವನು ಹುಟ್ಟಿಲ್ಲ ಎಂದೆ. ಪಕ್ಕದ ಹೊಲದಲ್ಲಿ ರಾಗಿ ಒಕ್ಕಣೆ ಮಾಡುತ್ತಿದ್ದವರು ಕೆಲಸ ನಿಲ್ಲಿಸಿ ನೋಡಿದರು. “ಮೆಲ್ಲಗೆ ಕಣ್ರೀ,” ಎಂದಳು ಅವಳು, “ಪಕ್ಕದೋರು ಟಿಕೆಟ್ ಕೇಳ್ಕಂಡ್ ಬಂದಾರು.”

ಜನವರಿ ೧೨, ಭಾನುವಾರ

ಕುಣಿಗಲ್ ಕೆರೆ ಏರಿಯ ಕೆಳಗೆ ಕಲ್ಲಮ್ಮನ ಸಪೋಟ ತೋಟ. ಸುತ್ತ ನಾಲ್ಕು ಊರಿಗೆ ಆಕೆ ಕೆಂಜಿಗದ ಕಲ್ಲಮ್ಮ. ಎಲೆಗೆ ಎಲೆ ಹೊಲಿದು ಮರದ ಮೇಲೆಯೇ ಗೂಡು ಕಟ್ಟುವ, ಕಚ್ಚಿದರೆ ಕಣ್ಣಲ್ಲಿ ನೀರು ತರಿಸುವ ಆ ಕೆಂಪು ಇರುವೆಗಳೇ ಆಕೆಯ ಕಾವಲು ಪಡೆ. ಅವು ಇದ್ದ ಮರದಲ್ಲಿ ಜಿಗಿಹುಳ ನೆಲೆಯೂರುವುದಿಲ್ಲ, ಕಾಯಿಗೆ ಮೊಟ್ಟೆ ಚುಚ್ಚುವ ಊಜಿ ನೊಣ ಕೂರುವುದಿಲ್ಲ. ನಮ್ಮಪ್ಪನ ಕಾಲದಲ್ಲಿ ನಮ್ಮಲ್ಲೂ ಇದ್ದವು. ಮಿಷನ್ ಬಂದ ಮೇಲೆ ಬೇಲಿ ಮೂಲೆಯ ನೇರಳೆ ಮರದ ಮೇಲೆ ಮಾತ್ರ ಒಂದಷ್ಟು ಉಳಿದುಕೊಂಡಿವೆ.

ಎಪ್ಪತ್ತು ದಾಟಿದ ಮುದುಕಿ. ನಾನು ನನ್ನ ಧಾಟಿಯಲ್ಲಿ ವಿಷಯ ಮಂಡಿಸಿದೆ. ಪೂರ್ತಿ ಕೇಳಿ, “ನೀನೇನಾ ನಾಟಕದೋನು?” ಎಂದಳು. “ಅಷ್ಟು ಕೂಗ್ಬೇಡ. ನಂಗೆ ಕಿವಿ ಕೇಳ್ತದೆ. ಕೇಳದೇ ಇರೋದು ಅವಕ್ಕೆ.”

“ಅವಕ್ಕೆ ಕಿವಿ ಇಲ್ವಾ ಅಜ್ಜಿ?”

“ಇಲ್ಲ. ಕೊಂಬೆ ಅದುರ್ಬೇಕು, ಅದೇ ಅವುಗಳ ಮಾತು.” ಒಂಬತ್ತು ಗೂಡು ಕೊಯ್ದು ಚೀಲಕ್ಕೆ ಹಾಕಿ ಬಾಯಿ ಕಟ್ಟಿದಳು. “ಇವೆಲ್ಲಾ ಒಂದೇ ಮನೆತನ. ಒಂಬತ್ರಲ್ಲಿ ಒಂದ್ರಲ್ಲಿ ರಾಣಿ ಅವ್ಳೆ. ಮರದಿಂದ ಮರಕ್ಕೆ ಹಗ್ಗ ಕಟ್ಟು, ಅವೇ ಹಬ್ಕಳ್ತವೆ. ಕೈಗೆ ಬೂದಿ ಬಳ್ಕಂಡು ಕೆಲ್ಸ ಮಾಡು. ಬೇರೆ ಮನೆತನ ಇರೋ ಮರಕ್ಕೆ ಮಾತ್ರ ಹಗ್ಗ ಕಟ್ಟಬ್ಯಾಡ.”

“ಕಟ್ಟಿದ್ರೆ?”

“ಕಟ್ಟಬ್ಯಾಡ ಅಂದ್ನಲ್ಲಪ್ಪ.”

ಹೆಬ್ಬೂರು ಬಸ್ಸಿನಲ್ಲಿ ಕಂಡಕ್ಟರ್ ಚೀಲ ತೋರಿಸಿ, “ಏನ್ ಯಜಮಾನ್ರೆ ಅದು?” ಎಂದ. ಸೈನ್ಯ ಎಂದೆ. “ಸೈನ್ಯಕ್ಕೆ ಕನ್ಸೆಷನ್ ಇಲ್ಲ, ಸೀಟ್ ಕೆಳೀಕೆ ತಳ್ಳಿ,” ಎಂದ.

ಜನವರಿ ೨೧, ಮಂಗಳವಾರ

ಕೇಳು ಡೈರಿಯೇ, ಅದ್ಭುತವೊಂದನ್ನು ಕೇಳು.

ಮರಗಳಿಗೆ ಬೇವಿನ ಬೀಜದ ಕಷಾಯ ಹೊಡೆದಾಗಿದೆ. ಒಳಗೆ ಬಿಸಿಲು ಬೀಳುವಂತೆ ಒತ್ತು ಕೊಂಬೆಗಳನ್ನು ಸವರಿದ್ದೇನೆ. ಬುಡದ ಮಣ್ಣು ಅಗೆದು ಅಡಗಿದ್ದ ಹುಳದ ಗೂಡುಗಳನ್ನು ಕೋಳಿಗಳ ಮುಂದೆ ಹರಡಿದ್ದೇನೆ. ಒಂಬತ್ತು ಗೂಡು ಒಂಬತ್ತು ಮರ ಏರಿವೆ. ಹಳೇ ನಾಟಕ ಕಂಪನಿಯಿಂದ ನನ್ನ ಪಾಲಿಗೆ ಉಳಿದಿದ್ದ ಪರದೆ ಹಗ್ಗ ಮರದಿಂದ ಮರಕ್ಕೆ ಸೇತುವೆಯಾಗಿದೆ. ಕೈಗೆ ಬೂದಿಯೇಕೆ? ಪೆಟ್ಟಿಗೆಯಲ್ಲಿ ಮುಖಕ್ಕೆ ಬಳಿಯುವ ಬಿಳಿ ಪೌಡರ್ ಸೇರುಗಟ್ಟಲೆ ಇದೆ. ಮೊಣಕೈವರೆಗೆ ಬಳಿದುಕೊಂಡೆ. ಕೆಂಜಿಗ ಹತ್ತಿ ಜಾರಿ ಬಿದ್ದವು.

ಅಡುಗೆಮನೆ ಕಿಟಕಿಯ ಪಕ್ಕದ ರಸಪುರಿ ಮರದಲ್ಲಿ ಕೈಯೂರಿ ನಿಂತಿದ್ದೆ. ಹೂವಿನ ಗೊಂಚಲು, ಎಳೆ ಬಿಸಿಲು, ಎದುರಿಗೆ ತುಂಬಿದ ಸಭೆಯಂತೆ ಎಲೆಗಳು. ತಡೆಯಲಾಗಲಿಲ್ಲ. ಆಸ್ಥಾನದ ದೃಶ್ಯದ ಮಾತನ್ನು ಹೊಟ್ಟೆಯಿಂದ ಎತ್ತಿ ಹೊಡೆದೆ. ಕೊನೆಯ ಪದ ಮುಗಿದದ್ದೇ ತಡ, ಗೂಡಿನೊಳಗಿನಿಂದ ಒಂದು ಸದ್ದು ಎದ್ದಿತು. ದೂರದ ತಗಡಿನ ಮೇಲೆ ಮಳೆ ಬಿದ್ದಂತೆ. ಒಂದು ಗೂಡಿನಿಂದ ಇನ್ನೊಂದಕ್ಕೆ ಹಬ್ಬಿ ಇಡೀ ಮರ ಮರಮರ ಎಂದಿತು. ಸಾವಿರಾರು ಹೊಟ್ಟೆಗಳು ಒಣಗಿದ ಎಲೆಯ ಗೋಡೆಗೆ ಬಡಿಯುತ್ತಿದ್ದವು.

ಚಪ್ಪಾಳೆ. ಇದು ಚಪ್ಪಾಳೆಯಲ್ಲದೆ ಇನ್ನೇನು? ತಲೆ ಬಾಗಿ ನಮಸ್ಕರಿಸಿದೆ. ಇನ್ನು ಮೇಲೆ ದಿನಾ ಬೆಳಗ್ಗೆ ಒಂದು ದೃಶ್ಯ.

ಫೆಬ್ರವರಿ ೨, ಭಾನುವಾರ

ಹನ್ನೆರಡು ಬೆಳಗು, ಹನ್ನೆರಡು ದೃಶ್ಯ. ಸಭಿಕರ ರುಚಿ ಸೂಕ್ಷ್ಮ. ಗದಾಯುದ್ಧಕ್ಕೆ ದೊಡ್ಡ ಚಪ್ಪಾಳೆ, ಶೋಕಕ್ಕೆ ಸಣ್ಣದು. ಕೊಂಬೆಗೆ ಕೈಯೊತ್ತಿ ಪಿಸುಗುಟ್ಟಿದರೂ ಕೇಳುತ್ತದೆ ಎಂದು ಮೊನ್ನೆ ಗೊತ್ತಾಯಿತು. ಹಾಗಿದ್ದ ಮೇಲೆ ಕೂಗುವುದೇಕೆ?

“ಇವತ್ತು ದುರ್ಯೋಧನ ಮೆತ್ತಗಾಗವ್ನೆ,” ಎಂದಳು ನರಸಮ್ಮ. “ಗಂಟ್ಲು ಕೆಟ್ಟಿದ್ರೆ ಶುಂಠಿ ಕಾಫಿ ಕೊಡ್ಲಾ?”

ಈಗ ಇಪ್ಪತ್ತೊಂದು ಮರದಲ್ಲಿ ಕೆಂಜಿಗ ಓಡಾಡುತ್ತಿವೆ. ಬೇಲಿ ಮೂಲೆಯ ಹಳೇ ಪಡೆ ಅದರ ಪಕ್ಕದ ಎಂಟು ಬಾದಾಮಿ ಮಾವಿನ ಮರವನ್ನು ಹಿಡಿದಿದೆ. ಎರಡು ರಾಜ್ಯ. ನಡುವಿನ ಹದಿಮೂರು ಮರ ಯಾರಿಗೂ ಸೇರದೆ ಬರಿದಾಗಿವೆ. ಗಡಿಯೆಂದು ಇಬ್ಬರೂ ಅತ್ತ ಕಾಲಿಡುವುದಿಲ್ಲ. ಜಿಗಿಹುಳ ಬಿದ್ದರೆ ಅಲ್ಲೇ ಬೀಳುತ್ತದೆ.

ಫೆಬ್ರವರಿ ೯, ಭಾನುವಾರ

ಬಿತ್ತು. ಆ ಹದಿಮೂರು ಮರದ ಹೂವಿನ ಮೇಲೆ ಜಿಗಿಹುಳದ ಅಂಟು ಮಿನುಗುತ್ತಿದೆ. ಯಲ್ಲಯ್ಯ ಗೊಂಚಲು ನೋಡಿದ, ಅತ್ತಿಗೆಯ ಮುಖ ನೋಡಿ ಹೋದ.

ಯೋಚಿಸಿದೆ. ಕಲ್ಲಮ್ಮ ಬೇಡವೆಂದಿದ್ದಾಳೆ, ನಿಜ. ಆದರೆ ಆಕೆ ಸಪೋಟ ಬೆಳೆದವಳು. ಸಂಧಾನದ ದೃಶ್ಯವನ್ನು ಆಡಿದವಳಲ್ಲ. ಮೂವತ್ತೆರಡು ವರ್ಷ ಪ್ರತಿ ನಾಟಕದಲ್ಲೂ ಸಂಧಾನಕ್ಕೆ ಬಂದವರನ್ನು ನಾನು ಕಾಲಲ್ಲಿ ಒದ್ದು ಕಳಿಸಿದ್ದೇನೆ, ಅದರಿಂದಲೇ ಕುಲ ನಾಶವಾಗಿದೆ. ಈ ಸಲ ಸಂಧಾನ ನಾನೇ ಮಾಡುತ್ತೇನೆ. ಎರಡು ರಾಜ್ಯ ಒಂದಾದರೆ ನಡುವಿನ ಮರಗಳು ತಾವಾಗಿ ತುಂಬುತ್ತವೆ.

ಉಳಿದಿದ್ದ ಪರದೆ ಹಗ್ಗವನ್ನು ಆ ಹದಿಮೂರು ಮರದ ಮೂಲಕ ಎಳೆದು ನೇರಳೆಗೆ ಬಿಗಿದೆ.

ಫೆಬ್ರವರಿ ೧೦, ಸೋಮವಾರ

ಯುದ್ಧವೆಂದರೆ ನನಗೆ ಗೊತ್ತಿದ್ದುದು ನಗಾರಿ, ಕಹಳೆ, ಹಾರ್ಮೋನಿಯಂ, ನಾನು.

ಇಲ್ಲಿ ಒಂದು ಸದ್ದೂ ಇರಲಿಲ್ಲ. ಹತ್ತು ಗಂಟೆಯ ಬಿಸಿಲಲ್ಲಿ ಹಗ್ಗದ ನಡುವೆ ಎರಡು ಪಡೆ ಕೂಡಿದವು. ಒಂದನ್ನು ಆರು ಹಿಡಿದು ಆರು ದಿಕ್ಕಿಗೆ ಎಳೆಯುತ್ತಿದ್ದವು. ಅವಸರವಿಲ್ಲ. ಹರಿಯುವವರೆಗೆ ಎಳೆಯುತ್ತಿದ್ದವು, ಅಷ್ಟೆ. ಸತ್ತ ತಲೆಗಳು ಬದುಕಿದವುಗಳ ಕಾಲಿಗೆ ಕಚ್ಚಿಕೊಂಡೇ ಇದ್ದವು. ಮರದ ಕೆಳಗೆ ರಾಗಿ ಹೊಟ್ಟು ಸುರಿದಂತೆ ಕೆಂಪು ಗುಡ್ಡೆ.

ಸಂಜೆವರೆಗೆ ನಿಂತಿದ್ದೆ. ಬೂದಿ, ಪೌಡರ್ ಯಾವುದೂ ನೆನಪಾಗಲಿಲ್ಲ. ಕೈಮೇಲೆ, ಕತ್ತಿನ ಮೇಲೆ, ರೆಪ್ಪೆಯ ಮೇಲೂ ಹರಿದಾಡಿದವು. ಒಂದೂ ಕಚ್ಚಲಿಲ್ಲ. ನರಸಮ್ಮ ಊಟಕ್ಕೆ ಮೂರು ಸಲ ಕರೆದಳು. ಬಂದೆ, ಬಂದೆ ಎಂದು ಮೂರು ಸಲವೂ ಉತ್ತರ ಕೊಟ್ಟೆ. ಕೊನೆಗೆ ಅವಳೇ ಬಂದು ತೋಳು ಹಿಡಿದು, “ಕರೆದ್ರೆ ಓ ಅನ್ನಬಾರ್ದಾ?” ಎಂದಳು.

ಫೆಬ್ರವರಿ ೧೩, ಗುರುವಾರ

ನೇರಳೆ ಮರ ಖಾಲಿ. ಗೆದ್ದವು ಸತ್ತವುಗಳನ್ನು ಹೊತ್ತು ಗೂಡಿಗೆ ಒಯ್ದವು. ತಮ್ಮವರನ್ನೂ, ವೈರಿಗಳನ್ನೂ. ತಿನ್ನಲು.

ಈಗ ನಲವತ್ತೆರಡು ಮರಕ್ಕೂ ಒಂದೇ ಮನೆತನ. ಬೆಳಗಿನ ದೃಶ್ಯ ಆಡಲಿಲ್ಲ. ಕೊಂಬೆಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದೆ. ಅಷ್ಟೇ ಸಾಕಾಯಿತು.

ಫೆಬ್ರವರಿ ೨೩, ಭಾನುವಾರ

ಯಲ್ಲಯ್ಯ ಬಿಳಿ ಟವೆಲ್ ಹಾಸಿ ಆ ಹದಿಮೂರು ಮರದ ಹೂಗೊಂಚಲು ಕೊಡವಿದ. ಹೋದ ವರ್ಷ ಎಳ್ಳು ಚೆಲ್ಲಿದಂತೆ ಬೀಳುತ್ತಿದ್ದ ಜಿಗಿಹುಳ ಇವತ್ತು ಎರಡು ಬಿದ್ದವು. ಹೂ ಬೆಳ್ಳಗಿದೆ. ಕಡಲೆ ಗಾತ್ರದ ಕಾಯಿ ಕಚ್ಚಿದೆ.

“ಅಣ್ಣ, ಗೆದ್ದೆ ಬುಡು ನೀನು,” ಎಂದ. ನಾನು ಜಯದ ಮಾತು ನಾಲ್ಕು ಸಾಲು ಆಡಿದೆ. ಅವನು ನನ್ನ ಬಾಯನ್ನೇ ನೋಡುತ್ತಿದ್ದ. “ಯಾಕಣ್ಣ ಒಂದ್ ಮಾತೂ ಆಡಕಿಲ್ಲ? ನನ್ ಮೇಲೆ ಇನ್ನೂ ಕ್ವಾಪನಾ?”

ಪಾಪ. ಎಂಟು ವರ್ಷ ಮಿಷನ್ನಿನ ಪಕ್ಕ ನಿಂತವನು. ಆ ಸದ್ದು ಕಿವಿ ತಿಂದಿದೆ.

ಮಾರ್ಚ್ ೯, ಭಾನುವಾರ

ಗುಬ್ಬಿಯಲ್ಲಿ ನಾಟಕದ ಪ್ರಾಕ್ಟೀಸು. ಮುಂದಿನ ತಿಂಗಳು ಹೆಬ್ಬೂರಿನ ಬಯಲಲ್ಲಿ ಆಟ. ಹಾರ್ಮೋನಿಯಂ ಮೇಷ್ಟ್ರು ಮಹಾದೇವಯ್ಯನವರು ನನಗೆ ಮೀಸೆ ಬರುವ ಮುಂಚಿನಿಂದಲೂ ಶ್ರುತಿ ಹಿಡಿದವರು. ನನ್ನ ಪ್ರವೇಶಕ್ಕೆ ನುಡಿಸಿದರು. ನಾನು ಎತ್ತಿದೆ. ಅವರು ನಿಲ್ಲಿಸಿ ಶ್ರುತಿ ಇಳಿಸಿದರು. ಮತ್ತೆ ಎತ್ತಿದೆ. ಇನ್ನೂ ಇಳಿಸಿದರು. ಆಮೇಲೆ ಪೆಟ್ಟಿಗೆಯ ಗಾಳಿ ನಿಲ್ಲಿಸಿ, ಕಿವಿಯ ಹಿಂದೆ ಕೈಯಿಟ್ಟುಕೊಂಡರು.

“ರಾಮಾಂಜಿನಯ್ಯೋರೆ, ತುಟಿ ಅಲ್ಲಾಡ್ತದೆ. ಮಾತು ಬರ್ತಿಲ್ಲ.”

ಹಿಂದಿದ್ದವರು ನಕ್ಕರು. “ದುರ್ಯೋಧನ ಮೂಕಾಭಿನಯಕ್ಕೆ ಇಳ್ದವ್ನೆ,” ಎಂದ ಒಬ್ಬ. ನಾನು ಮೂರನೇ ಸಲ ಆಡಿದೆ, ಪೂರ್ತಿ ದೃಶ್ಯ, ಒಂದು ಪದ ಬಿಡದೆ. ಮುಗಿಸಿದಾಗ ಯಾರೂ ನಗುತ್ತಿರಲಿಲ್ಲ. ಒಬ್ಬ ಹೆಂಗಸು ಮಗುವನ್ನು ಎತ್ತಿಕೊಂಡು ಆಚೆ ಹೋದಳು. ಮೇಷ್ಟ್ರು ಹತ್ತಿರ ಬಂದು, “ಗಂಟ್ಲು ಡಾಕ್ಟರಿಗೆ ತೋರ್ಸಿ, ಈ ಸಲ ಬೇರೆಯವ್ರು ಮಾಡ್ಲಿ,” ಎಂದು ನನ್ನ ಕೈ ಹಿಡಿದರು. ಹಿಡಿದವರು ಬಿಟ್ಟು ಅಂಗೈ ಮೂಸಿಕೊಂಡರು. ಕೆಂಜಿಗದ ಹುಳಿ ವಾಸನೆ.

ಆ ಪ್ರಾಕ್ಟೀಸ್ ಹಾಲ್‌ನಲ್ಲಿ ಫ್ಯಾನಿನ ಸದ್ದು ಜಾಸ್ತಿ. ಬೇಸರವಾಗಬೇಕಿತ್ತು, ಆಗಲಿಲ್ಲ. ಬಸ್ಸಿನಲ್ಲಿ ನಿಂತು ಕಂಬಿ ಹಿಡಿದಿದ್ದೆ. ಇಂಜಿನ್ನು, ಗೇರು, ಇಪ್ಪತ್ತು ಜನರ ಪಾದ, ಎಲ್ಲ ಕಂಬಿಯಲ್ಲಿ ತಿಳಿಯುತ್ತಿತ್ತು.

ಮಾರ್ಚ್ ೩೦, ಭಾನುವಾರ, ಯುಗಾದಿ

ಬೇವು ಬೆಲ್ಲ ಕೊಡುತ್ತಾ ನರಸಮ್ಮ, “ಹೊಸ ವರ್ಸ ಕಣ್ರೀ, ಒಂದ್ ಮಾತಾಡಿ,” ಎಂದಳು.

ವಿಸ್ತಾರವಾಗಿಯೇ ಮಾತಾಡಿದೆ. ಕಾಯಿ ನಿಂಬೆ ಗಾತ್ರ ದಾಟಿರುವುದು, ಊಜಿ ನೊಣಕ್ಕೆ ಮೂವತ್ತು ಮೋಹಕ ಬಲೆ ಕಟ್ಟಿರುವುದು, ಆ ಬಾಟಲಿಯೊಳಗಿನ ವಾಸನೆಯನ್ನು ಹೆಣ್ಣೆಂದು ನಂಬಿ ಗಂಡು ನೊಣ ಬಂದು ಬಂದು ಸಾಯುವುದು, ನೀನು ಇನ್ನು ಎಲ್ಲಿಗೂ ಹೋಗಬೇಕಿಲ್ಲ ಎನ್ನುವುದು. ಎಲ್ಲ ಹೇಳಿದೆ.

“ಹಬ್ಬದ ದಿನಾನೂ ಬಾಯಿ ಬುಡಾಕಿಲ್ವಾ?” ಎಂದಳು. ಕಣ್ಣಲ್ಲಿ ನೀರಿತ್ತು.

ಆ ವಿಷ ಇವಳ ಕಿವಿಗೂ ಇಳಿದಿದೆ. ಕೊಯ್ಲು ಮುಗಿದ ಮೇಲೆ ತೋರಿಸಬೇಕು.

ಏಪ್ರಿಲ್ ೧೩, ಭಾನುವಾರ

ಕಲ್ಲಮ್ಮ ಬಂದಿದ್ದಳು. ನರಸಮ್ಮ ಫೋನ್ ಮಾಡಿ ಕರೆಸಿದಳಂತೆ. ಬಸ್ಸಿಳಿದವಳು ನೀರೂ ಕುಡಿಯದೆ ತೋಟ ಸುತ್ತಿದಳು. ನೇರಳೆಗೆ ಬಿಗಿದ ಹಗ್ಗ ನೋಡಿ ನಿಂತಳು.

“ಕಟ್ಟಬ್ಯಾಡ ಅಂದಿದ್ದೆ.”

ಸಂಧಾನದ ವಿಷಯ ವಿವರಿಸಿದೆ. ಚಪ್ಪಾಳೆಯ ವಿಷಯವೂ. ಆಕೆ ನನ್ನ ತುಟಿಗಳನ್ನು ಸ್ವಲ್ಪ ಹೊತ್ತು ನೋಡಿ, ನರಸಮ್ಮನ ಕಡೆ ತಿರುಗಿದಳು. “ಏನಂತೆ ಇವ್ನು?”

“ಬೆಳಗ್ಗೆ ಇಲ್ಲಿ ನಿಂತ್ಕಂಡು ನಾಟಕ ಹೇಳ್ತಿದ್ರು. ಅವು ಚಪ್ಪಾಳೆ ತಟ್ತವೆ ಅಂತಿದ್ರು, ಮಾತಾಡ್ತಿದ್ದಾಗ.”

ಕಲ್ಲಮ್ಮ ರಸಪುರಿ ಮರದ ಬುಡಕ್ಕೆ ಅಂಗೈ ಒತ್ತಿದಳು. ಒಡನೆ ಮೇಲಿಂದ ಮರಮರ ಸದ್ದು ಎದ್ದಿತು. “ಇದು ಚಪ್ಪಾಳೆ ಅಲ್ಲ ಕಣಮ್ಮ. ಹೊರಗಿನೋರು ಬಂದವ್ರೆ ಅಂತ ಒಳಗಿರೋರಿಗೆ ಹೇಳೋದು.” ಕೈ ತೆಗೆದಳು. ಸದ್ದು ನಿಂತಿತು. ನನ್ನ ಕಡೆ ತಿರುಗಿದಳು. “ಈಗ ನೀನಿಡು.”

ನಾನು ಕೈ ಇಟ್ಟೆ.

ಏನೂ ಇಲ್ಲ. ಎಲೆಯೂ ಅಲುಗಲಿಲ್ಲ.

“ಎಷ್ಟು ದಿನದಿಂದ ಹಿಂಗೆ?” ನನ್ನನ್ನು ಕೇಳಲಿಲ್ಲ, ನರಸಮ್ಮನನ್ನು ಕೇಳಿದಳು. “ಕಚ್ಚಾಕಿಲ್ವಾ ಇವನ್ನ?” ಆಮೇಲೆ ದನಿ ತಗ್ಗಿಸಿದಳು, ಆದರೂ ನೆಲದಲ್ಲಿ ಕೇಳಿಸುತ್ತಿತ್ತು. “ದಿನಾ ಸೋಪು ಹಾಕಿ ಉಜ್ಜು. ತೋಟಕ್ಕೆ ಬುಡಬ್ಯಾಡ. ಎದುರಿಗೆ ಕೂತು ಮಾತಾಡ್ಸು, ಉತ್ರ ಬರೋಗಂಟ ಮಾತಾಡ್ಸು. ನಮ್ ಯಜಮಾನ್ರು ಕಡೆಗಾಲಕ್ಕೆ ಹಿಂಗೇ ಆಗಿದ್ರು. ಅವರನ್ನ ನಾನು ಮಾತಾಡ್ಸಲಿಲ್ಲ.”

ನರಸಮ್ಮ ಕಾಫಿ ತಂದಳು. ಕಲ್ಲಮ್ಮ ಲೋಟ ಮುಟ್ಟದೆ ಬಸ್ಸಿಗೆ ನಡೆದಳು.

ಚಪ್ಪಾಳೆ ಅಲ್ಲವಂತೆ. ಇರಲಿ. ಅದು ನನಗೆ ಗೊತ್ತಿತ್ತು ಅನಿಸುತ್ತದೆ.

ಏಪ್ರಿಲ್ ೧೯, ಶನಿವಾರ

ದಿನಾ ಎದುರಿಗೆ ಕೂತು ಮಾತಾಡುತ್ತಾಳೆ. ಮದುವೆಯಾದ ವರ್ಷ ಗುಬ್ಬಿಯಲ್ಲಿ ನನ್ನ ನಾಟಕ ನೋಡಲು ಎತ್ತಿನ ಗಾಡಿಯಲ್ಲಿ ಬಂದದ್ದು, ಸುಶ್ಮಿತಾ ನನ್ನ ಗದೆ ಎಳೆದುಕೊಂಡು ಹೋದದ್ದು. “ಆಮೇಲೆ ಏನಾಯ್ತು, ನೀವ್ ಹೇಳಿ,” ಎನ್ನುತ್ತಾಳೆ. ಹೇಳುತ್ತೇನೆ. ಮತ್ತೆ ಕೇಳುತ್ತಾಳೆ.

ಸೋಪು ಉರಿಯುತ್ತದೆ. ತೊಳೆದ ಮೇಲೆ ಹೋದರೆ ತೋಟದಲ್ಲಿ ಗುರುತು ಹಿಡಿಯಲು ತಡವಾಗುತ್ತದೆ. ನಿಲ್ಲಿಸಿದೆ.

ಏಪ್ರಿಲ್ ೨೭, ಭಾನುವಾರ

ಉದುರಿದ ಕಾಯಿ ಆರಿಸಿ ನೀರಲ್ಲಿ ಮುಳುಗಿಸಿದೆ. ಬಲೆಗಳಲ್ಲಿ ನೊಣ ಕಡಿಮೆ.

ಪೂರ್ವದ ಸಾಲಿನಲ್ಲಿ ಹೊಸ ಗೂಡು ಎದ್ದಿದೆ. ಎರಡು ಎಲೆಗಳ ಅಂಚನ್ನು ಹಿಡಿದು ಒಂದರ ಸೊಂಟ ಒಂದು ಕಚ್ಚಿ ಸರಪಳಿಯಾಗಿ ಎಳೆಯುತ್ತಾರೆ. ಮರಿಹುಳುವಿನ ಬಾಯಿಂದ ನೂಲು ತೆಗೆದು ಹೊಲಿಯುತ್ತಾರೆ. ಯಾರೂ ಆಜ್ಞೆ ಕೊಡುವುದಿಲ್ಲ.

ಅಡುಗೆಮನೆ ಕಿಟಕಿಗೂ ರಸಪುರಿಗೂ ಹಗ್ಗ ಕಟ್ಟಿದೆ. ಓಡಾಟಕ್ಕೆ ಅನುಕೂಲ. ನರಸಮ್ಮನ ಕುತ್ತಿಗೆಗೆ ಕಚ್ಚಿದರಂತೆ. ಅವಳು ಹಗ್ಗ ಬಿಚ್ಚಿದಳು. ಕಟ್ಟಿದೆ.

ಮೇ ೨, ಶುಕ್ರವಾರ

ಮಧ್ಯಾಹ್ನ ಮಂಚದ ಮೇಲೆ ಮಲಗಿದ್ದೆ. ನರಸಮ್ಮ ಬಂದು ಹಣೆಯ ಮೇಲೆ ಕೈ ಇಟ್ಟಳು. ನನ್ನ ಬೆರಳುಗಳು ಮಂಚದ ಪಟ್ಟಿಯ ಮೇಲೆ ತಾವಾಗಿ ಬಡಿದುಕೊಂಡವು, ಮರಮರ ಎಂದು. ಅವಳು ಕೈ ತೆಗೆದಳು. ನಿಂತಿತು. ಮತ್ತೆ ಇಟ್ಟಳು. ಮತ್ತೆ.

ಕಲ್ಲಮ್ಮ ಹೇಳಿದ್ದನ್ನು ಅವಳೂ ಕೇಳಿಸಿಕೊಂಡಿದ್ದಳಲ್ಲ. ಗೋಡೆಗೆ ಬೆನ್ನು ಕೊಟ್ಟು ಕೂತಳು. “ನಾನು ಹೊರಗಿನೋಳಾ?” ಎಂದಳು.

ಇಲ್ಲ ಎಂದೆ.

ಮೇ ೧೧, ಭಾನುವಾರ

ಕೊಯ್ಲು. ಕೀಳಲು ಬಂದವರು ಬೂದಿ ಬಳಿದುಕೊಂಡು ಹತ್ತಿದರು. ಯಲ್ಲಯ್ಯ ಒಂದೊಂದು ಮರದಿಂದ ಎರಡೆರಡು ಹಣ್ಣು ತೆಗೆದು ಜಗಲಿಯ ಮೇಲೆ ಸಾಲಾಗಿ ಇಟ್ಟು ಕತ್ತರಿಸಿದ. ಎಂಬತ್ತನಾಲ್ಕು. ಒಂದರಲ್ಲೂ ಹುಳವಿಲ್ಲ. ಕೈಯೆಲ್ಲ ರಸ ಮಾಡಿಕೊಂಡು ಅತ್ತಿಗೆಯ ಕಾಲಿಗೆ ಬಿದ್ದ.

“ಅತ್ಗೆಮ್ಮ, ಮಿಷನ್ನ ಇನ್ನು ಈ ತೋಟಕ್ಕೆ ತರಾಕಿಲ್ಲ. ನಿಮ್ಮಾಣೆ. ಎಲ್ಲೂ ಹೋಗ್ಬ್ಯಾಡಿ, ಇದೇ ನಿಮ್ಮನೆ.”

ಅವಳು ಅಳುತ್ತಿದ್ದಳು. ಗೆದ್ದದ್ದಕ್ಕೆ.

ಮೇ ೧೩, ಮಂಗಳವಾರ

ಸುಶ್ಮಿತಾ ಕಾರು ತಂದಿದ್ದಳು. ನರಸಮ್ಮ ಎರಡು ಬ್ಯಾಗು ತುಂಬಿದ್ದಳು. ಬಾಗಿಲಲ್ಲಿ ನಿಂತು ಮಾತಾಡಿದಳು. ಬರೆದಿಡುತ್ತೇನೆ.

“ಔಷಧಿ ಗಾಳೀಲಿ ಹನ್ನೊಂದು ದಿನ ಉಸ್ರು ಕಟ್ಟಿತ್ತು, ತಡ್ಕಂಡೆ. ಪಕ್ಕದಲ್ಲಿ ನೀವು ಕೂತು ವಟವಟ ಅಂತಿದ್ರಿ, ನರ್ಸು ಬೈದ್ರೂ ನಿಲ್ಲಿಸ್ಲಿಲ್ಲ. ಆ ಸದ್ದು ಹಿಡ್ಕಂಡು ನಾನು ಬದುಕ್ದೆ ಕಣ್ರೀ. ಈಗ ಮೂರು ತಿಂಗ್ಳಾಯ್ತು, ಈ ಮನೇಲಿ ನಾನೊಬ್ಳೇ ಮಾತಾಡ್ತಿರೋದು. ನಂಗೆ ಭಯ ಆಯ್ತದೆ.”

“ಅಪ್ಪಾಜಿ, ನೀವೂ ಬನ್ನಿ,” ಎಂದಳು ಸುಶ್ಮಿತಾ. “ಡಾಕ್ಟರಿಗೆ ತೋರ್ಸೋಣ. ಬಟ್ಟೆ ಕೂಡ ಬೇಡ, ಹಂಗೇ ಹತ್ತಿ.” ನನ್ನ ಕೈ ಹಿಡಿಯಲು ಬಂದು, ಅಂಗಿಯ ತೋಳಿನೊಳಗಿಂದ ಇಳಿಯುತ್ತಿದ್ದವರನ್ನು ಕಂಡು ಹಿಂದೆ ಸರಿದಳು.

ಹೋಗಬೇಡ ಎಂದೆ. ನಿನಗಾಗಿಯೇ ಮಾಡಿದ್ದು ಎಂದೆ. ಕಾರು ಗೇಟು ದಾಟುವವರೆಗೂ ಹೇಳುತ್ತಲೇ ಇದ್ದೆ.

ಮೇ ೧೬, ಶುಕ್ರವಾರ

ಮನೆ ಮೆತ್ತಗಿದೆ. ಪಾತ್ರೆ ಬೀಳುವುದಿಲ್ಲ.

ಮೇ ೧೮, ಭಾನುವಾರ

ಬೆಳಗ್ಗೆ ಹನ್ನೊಂದಕ್ಕೆ ಸುಶ್ಮಿತಾ ಫೋನ್ ಮಾಡಿದಳು.

“ಅಪ್ಪಾಜಿ, ಅಮ್ಮ ಇಲ್ಲೇ ಕೂತವ್ಳೆ. ಮೂರು ದಿನದಿಂದ ಊಟ ಮಾಡಿಲ್ಲ. ಅವ್ಳಿಗೆ ಮನೆ ಬೇಕಂತೆ, ನೀವೂ ಬೇಕಂತೆ. ನಿಮ್ ಬಾಯಿಂದ ‘ಬಾ’ ಅಂತ ಒಂದೇ ಒಂದು ಮಾತು ಬಂದ್ರೆ ಸಾಕಂತೆ, ಈಗ್ಲೇ ಕರ್ಕಂಡ್ ಬರ್ತೀನಿ. ಸ್ಪೀಕರ್ ಹಾಕಿದೀನಿ. ಹೇಳಿ.”

ನರಸಮ್ಮನ ಉಸಿರು ಕೇಳುತ್ತಿತ್ತು. ಸಲೀಸಾಗಿ ಆಡುತ್ತಿದೆ.

ಬಾ ಎಂದೆ.

“ಅಪ್ಪಾಜಿ, ಲೈನಲ್ಲಿದೀರಾ?”

ಗೋಡೆಗೆ ಹಣೆ ಒತ್ತಿ, ಹೊಟ್ಟೆಯಿಂದ ಎತ್ತಿ, ಇನ್ನೊಂದು ಸಲ ಎಂದೆ. ಮತ್ತೊಂದು ಸಲ. ಇಷ್ಟು ದೊಡ್ಡದಾಗಿ ನಾನು ಯಾವ ರಂಗದ ಮೇಲೂ ಆಡಿಲ್ಲ.

“ಬುಡವ್ವ,” ಎಂದಳು ನರಸಮ್ಮ, ದೂರದಿಂದ. “ಇಟ್ಬುಡು.”

ಅಲ್ಲಿಗೆ ಮುಟ್ಟಲಿಲ್ಲ. ಇಲ್ಲಿ ನಲವತ್ತೆರಡು ಮರಕ್ಕೂ ಕೇಳಿಸಿದೆ. ಕಿಟಕಿಯಿಂದಲೂ ಬಾಗಿಲಿನಿಂದಲೂ ಬರುತ್ತಿದ್ದಾರೆ.